ಚೀಟಿ ಹರಾಜಿನ ಗುಟ್ಟು ಕಾಯುವುದು: ಬ್ಲಾಕ್‌ಚೈನ್ ಮೇಲೆ ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಬಳಸುವ ಬಗೆ

ಬೆಂಗಳೂರಿನಲ್ಲಿ ಚೀಟಿ ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. 20 ಜನ, ತಿಂಗಳಿಗೆ ತಲಾ 5 ಸಾವಿರ, ಒಟ್ಟು 1 ಲಕ್ಷದ ಚೀಟಿ ಅಂತ ಇಟ್ಟುಕೊಳ್ಳಿ. ದುಡ್ಡಿನ ತುರ್ತು ಯಾರಿಗೆ ಜಾಸ್ತಿಯೋ ಅವರು ಹರಾಜಿನಲ್ಲಿ ಜಾಸ್ತಿ ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ. ಒಬ್ಬರು 25 ಸಾವಿರ ಬಿಡುತ್ತೇನೆ ಅಂದರೆ ಅವರ ಕೈಗೆ 75 ಸಾವಿರ. ಆ 25ರಲ್ಲಿ ಚೀಟಿ ನಡೆಸುವ ಫೋರ್‌ಮನ್ ಕಮಿಷನ್ 5 ಸಾವಿರ ಹೋಗಿ, ಉಳಿದ 20 ಸಾವಿರ ಎಲ್ಲರಿಗೂ ತಲಾ 1 ಸಾವಿರ. ತೊಂದರೆ ಏನೆಂದರೆ, ಕೂಗುವಾಗ ಮೊತ್ತದ ಜೊತೆ ನಿಮ್ಮ ಪರಿಸ್ಥಿತಿಯೂ ಬಯಲಾಗುತ್ತದೆ. ಮಕ್ಕಳ ಶಾಲೆ ಫೀಸಿಗೆ ಒದ್ದಾಡುತ್ತಿರುವವರು ಎಲ್ಲಿಯವರೆಗೆ ಹೋಗಬಲ್ಲರು ಅಂತ ಪಕ್ಕದವರಿಗೆ ಸುಳಿವು ಸಿಕ್ಕರೆ ಸಾಕು, ಸುಮ್ನೆ ಕೂಗಿ ಕೂಗಿ ಅವರನ್ನು ಇನ್ನಷ್ಟು ಬಿಡಿಸುತ್ತಾರೆ.

ಇದೇ ಹರಾಜನ್ನು ಎಥೀರಿಯಂ ತರಹದ ಬ್ಲಾಕ್‌ಚೈನ್ ಮೇಲೆ, ಅಂದರೆ ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ, ಹಾಕಿದರೆ ಲೆಕ್ಕ ಪಕ್ಕಾ ಇರುತ್ತದೆ, ಯಾರೂ ಪುಸ್ತಕ ತಿದ್ದುವ ಹಾಗಿಲ್ಲ. ಗುಟ್ಟಿನ ವಿಷಯದಲ್ಲಿ ಮಾತ್ರ ಹಳೆಯ ಹರಾಜಿಗಿಂತ ಕಡೆ. ಅಲ್ಲಿ ಕೋಣೆಯಲ್ಲಿ ಕೂತ 20 ಜನಕ್ಕೆ ಗೊತ್ತಾಗುತ್ತಿತ್ತು, ಇಲ್ಲಿ ಬ್ಲಾಕ್ ಎಕ್ಸ್‌ಪ್ಲೋರರ್ (ಚೈನ್ ಮೇಲಿನದ್ದನ್ನೆಲ್ಲ ತೋರಿಸುವ ವೆಬ್‌ಸೈಟ್) ತೆಗೆದವರಿಗೆಲ್ಲ ಗೊತ್ತಾಗುತ್ತದೆ, ಅದೂ ಹತ್ತು ವರ್ಷ ಬಿಟ್ಟು ನೋಡಿದರೂ. ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಬೇಕಾಗುವುದು ಇಂಥ ಕಡೆ: ಸಂಖ್ಯೆಗಳನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಿನ ರೂಪಕ್ಕೆ ಬದಲಿಸಿ ಮುಚ್ಚಿ, ಬಿಡಿಸದೆಯೇ ಅವುಗಳ ಮೇಲೆ ಲೆಕ್ಕ ಮಾಡಿ, ಉತ್ತರ ಒಂದನ್ನು ಮಾತ್ರ ಬಿಡಿಸುವುದು. ಈ ಬರಹದಲ್ಲಿ ಅಂಥ ಒಂದು ಚೀಟಿ ಹರಾಜನ್ನು ಕಟ್ಟುವ ದಾರಿ ಹೇಳುತ್ತೇನೆ. ಹೆಚ್ಚಿನವರು ಗಣಿತಕ್ಕೆ ಹೆದರಿ ಅಲ್ಲೇ ಸಮಯ ಕಳೆಯುತ್ತಾರೆ, ಆದರೆ ಗಣಿತ ಲೈಬ್ರರಿಯೊಳಗೆ ಆಗಲೇ ಇದೆ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಬಿಡಿಸುವ ಕೀ ಯಾರ ಕೈಯಲ್ಲಿ ಇರುತ್ತದೆ ಅನ್ನುವುದರ ಬಗ್ಗೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಅನುಮತಿ, ರಿಜಿಸ್ಟ್ರೇಷನ್ ಇಲ್ಲದೆ ಚೀಟಿ ನಡೆಸುವ ಹಾಗಿಲ್ಲ. ಫೋರ್‌ಮನ್ ಕಮಿಷನ್‌ಗೂ ಮಿತಿ ಇದೆ, 2019ರ ತಿದ್ದುಪಡಿಯಲ್ಲಿ ಅದು 5ರಿಂದ 7 ಪರ್ಸೆಂಟ್‌ಗೆ ಏರಿತು. ಆದ್ದರಿಂದ ಇದನ್ನು ಟೆಸ್ಟ್‌ನೆಟ್‌ನಲ್ಲಿ, ಅಂದರೆ ಅಭ್ಯಾಸದ ಚೈನ್‌ನಲ್ಲಿ, ಬೆಲೆ ಇಲ್ಲದ ನಾಣ್ಯ ಇಟ್ಟುಕೊಂಡು ಮಾಡಿ ಕಲಿಯಿರಿ. ನಿಜವಾದ ದುಡ್ಡು ಹಾಕಲು ಹೋಗಬೇಡಿ.

ಇದು ನಿಮಗೆ ಬೇಕಾ, ಮೊದಲು ನೋಡಿ

ಗುಟ್ಟು ಕಾಯಲು ಇದಕ್ಕಿಂತ ಅಗ್ಗದ ದಾರಿಗಳಿವೆ. ಎಲ್ಲಕ್ಕಿಂತ ಸರಳವಾದದ್ದು ಹ್ಯಾಶ್, ಅಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ, ಹಿಂದಕ್ಕೆ ತಿರುಗಿಸಲಾಗದ ಗುರುತು. ಎಲ್ಲರೂ ತಮ್ಮ ಮೊತ್ತದ ಹ್ಯಾಶ್ ಮೊದಲು ಹಾಕುವುದು, ಸಮಯ ಮುಗಿದ ಮೇಲೆ ಮೊತ್ತ ಬಿಚ್ಚಿಡುವುದು. ಗ್ಯಾಸ್ ಖರ್ಚು, ಅಂದರೆ ಚೈನ್ ಮೇಲೆ ಕೆಲಸ ಮಾಡಿಸಲು ಕಟ್ಟುವ ಶುಲ್ಕ ಕಡಿಮೆ, ಕೋಡೂ ಕಡಿಮೆ. ಆದರೆ ಕೊನೆಗೆ ಸೋತವರ ಮೊತ್ತವೂ ಬಯಲಾಗುತ್ತದೆ, ಸೋಲುವುದು ಗೊತ್ತಾದವರು ಬಿಚ್ಚಿಡದೆ ಕೈ ಎತ್ತಿಬಿಡಬಹುದು. ಇನ್ನೊಂದು, ಹ್ಯಾಶ್ ಜೊತೆ ಉದ್ದದ ರ‍್ಯಾಂಡಮ್ ಸಂಖ್ಯೆ ಸೇರಿಸದಿದ್ದರೆ ಅದು ಗುಟ್ಟೇ ಅಲ್ಲ. 40 ಸಾವಿರದವರೆಗೆ ನೂರರ ಲೆಕ್ಕದಲ್ಲಿ ಕೂಗಿದರೆ ಇರುವುದೇ 400 ಸಾಧ್ಯತೆ. ಹಳೆಯ ಲ್ಯಾಪ್‌ಟಾಪ್ ಕೂಡ ಅಷ್ಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಿ ತಾಳೆ ನೋಡುತ್ತದೆ.

ಝೀರೋ ನಾಲೆಡ್ಜ್ ಪ್ರೂಫ್, ಅಂದರೆ ಗುಟ್ಟು ಬಿಟ್ಟುಕೊಡದೆ ಕೊಡುವ ಪುರಾವೆ, ಇನ್ನೊಂದು ದಾರಿ. ನಿಮ್ಮದೇ ಗುಟ್ಟಿನ ಬಗ್ಗೆ ನೀವೇ ಏನಾದರೂ ಸಾಬೀತು ಮಾಡಬೇಕಿದ್ದರೆ, ಉದಾಹರಣೆಗೆ ನನ್ನ ವಯಸ್ಸು 18 ದಾಟಿದೆ ಅನ್ನುವುದು, ಅದೇ ಸಾಕು. ಹಲವರ ಗುಟ್ಟುಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಮಾಡಬೇಕಾದಾಗ ಅದೊಂದರಿಂದ ಆಗುವುದಿಲ್ಲ, ಯಾಕೆಂದರೆ ಪ್ರೂಫ್ ತಯಾರಿಸುವವರಿಗೆ ಎಲ್ಲರ ಗುಟ್ಟೂ ಗೊತ್ತಿರಬೇಕು. ಇಂಟೆಲ್‌ನ ಎಸ್‌ಜಿಎಕ್ಸ್ ತರಹ ಚಿಪ್‌ನೊಳಗೇ ಮುಚ್ಚಿದ ಜಾಗದಲ್ಲಿ ಲೆಕ್ಕ ಮಾಡುವ ಹಾರ್ಡ್‌ವೇರ್ ದಾರಿ ವೇಗವಾಗಿದೆ, ಆದರೆ ಚಿಪ್ ಮಾಡಿದವರನ್ನು ನಂಬಬೇಕು, ಅದರ ಮೇಲೆ ಹಲವು ಬಾರಿ ದಾಳಿಗಳೂ ನಡೆದಿವೆ.

ನಮ್ಮ ಹರಾಜಿನಲ್ಲಿ 20 ಜನರ ಗುಟ್ಟು ಹೋಲಿಸಬೇಕು, ಸೋತವರದ್ದು ಯಾವತ್ತಿಗೂ ಹೊರಬರಬಾರದು, ನಡುವೆ ಕೂತು ನೋಡುವವರೂ ಇರಬಾರದು. ಇಷ್ಟೂ ಬೇಕಿದ್ದರೆ ಹೋಮೋಮಾರ್ಫಿಕ್ ದಾರಿಗೆ ಬನ್ನಿ, ಇಲ್ಲದಿದ್ದರೆ ಹ್ಯಾಶ್‌ನಲ್ಲೇ ಮುಗಿಸಿಬಿಡಿ.

ಕಾಗದದ ಮೇಲೆ ಒಮ್ಮೆ ಮಾಡಿ

ಲೈಬ್ರರಿ ಇನ್‌ಸ್ಟಾಲ್ ಮಾಡುವ ಮೊದಲು ಸಣ್ಣ ಸಂಖ್ಯೆಗಳಲ್ಲಿ ಕೈಯಾರೆ ಒಮ್ಮೆ ಮಾಡಿ ನೋಡಿ. ಅರ್ಧ ಗಂಟೆ, ಒಂದು ಕ್ಯಾಲ್ಕುಲೇಟರ್. ಪ್ಯಾಸ್ಕಲ್ ಪೈಯೆ 1999ರಲ್ಲಿ ಕೊಟ್ಟ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ.

5 ಮತ್ತು 7 ಎರಡು ಅವಿಭಾಜ್ಯ ಸಂಖ್ಯೆ, ಇವು ಗುಟ್ಟು. ಗುಣಿಸಿದರೆ 35, ಇದು ಎಲ್ಲರಿಗೂ ಕೊಡುವ ಕೀ. 35ರ ವರ್ಗ 1225. ಇನ್ನು ಮುಂದೆ ಯಾವ ಗುಣಾಕಾರ ಮಾಡಿದರೂ 1225ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ.

4 ಅನ್ನು ಎನ್‌ಕ್ರಿಪ್ಟ್ ಮಾಡೋಣ. 4ನ್ನು 35ರಿಂದ ಗುಣಿಸಿ 1 ಕೂಡಿಸಿದರೆ 141. ಈಗ 5, 7ರಿಂದ ಭಾಗವಾಗದ ಒಂದು ರ‍್ಯಾಂಡಮ್ ಸಂಖ್ಯೆ ಬೇಕು, 2 ಇರಲಿ. 2ರ 35ನೇ ಘಾತದ ಶೇಷ 18. 141 × 18 = 2538, ಶೇಷ 88. ಆಯಿತು, 4 ಈಗ 88. ಇದೇ ತರಹ 9 ತಗೊಳ್ಳಿ: 9 × 35 + 1 = 316. ರ‍್ಯಾಂಡಮ್ ಸಂಖ್ಯೆ 3 ಇರಲಿ, ಅದರ 35ನೇ ಘಾತದ ಶೇಷ 607. 316 × 607 = 1,91,812, ಶೇಷ 712.

ಈಗ 4, 9 ಎರಡೂ ಗೊತ್ತಿಲ್ಲದವರೊಬ್ಬರಿಗೆ 88 ಮತ್ತು 712 ಕೊಡಿ, ಗುಣಿಸಲು ಹೇಳಿ. 62,656 ಬರುತ್ತದೆ, ಶೇಷ 181. ಅವರ ಕೆಲಸ ಮುಗಿಯಿತು. ಗುಟ್ಟಿನ ಕೀ ಇರುವವರು ಇದನ್ನು ಬಿಡಿಸುವುದು ಹೀಗೆ: 5 ಮತ್ತು 7ರಿಂದ ಒಂದೊಂದು ಕಳೆದರೆ 4 ಮತ್ತು 6, ಅವುಗಳ ಲಸಾಅ 12. 181ರ 12ನೇ ಘಾತದ ಶೇಷ 561. ಅದರಿಂದ 1 ಕಳೆದು 35ರಿಂದ ಭಾಗಿಸಿದರೆ 16. ಇದನ್ನು 3ರಿಂದ ಗುಣಿಸಬೇಕು. 3 ಯಾಕೆ ಅಂದರೆ 12 × 3 = 36, 35ರಿಂದ ಭಾಗಿಸಿದರೆ ಶೇಷ 1 ಬರುತ್ತದೆ, ಹಾಗೆ ಬರುವ ಸಂಖ್ಯೆಯೇ ಬೇಕು. 16 × 3 = 48, 35ರಿಂದ ಭಾಗಿಸಿದ ಶೇಷ 13. ಅಂದರೆ 4 + 9. ಗುಣಿಸಿದವರಿಗೆ 4ರ ಗಂಧವೂ ಇಲ್ಲ, 9ರ ಗಂಧವೂ ಇಲ್ಲ, ಆದರೂ ಕೂಡಿಸಿ ಕೊಟ್ಟರು.

ಈ ಆಟದಲ್ಲಿ ಇನ್ನೆರಡು ಪ್ರಯೋಗ ಮಾಡಲೇಬೇಕು. ಮೊದಲನೆಯದು, ಅದೇ 4ನ್ನು ರ‍್ಯಾಂಡಮ್ ಸಂಖ್ಯೆ 3 ಇಟ್ಟುಕೊಂಡು ಮಾಡಿ. 88 ಬರುವುದಿಲ್ಲ, 1062 ಬರುತ್ತದೆ. ಎರಡನ್ನೂ ಬಿಡಿಸಿದರೆ 4 ಸಿಗುತ್ತದೆ. ಇದು ಇಲ್ಲದಿದ್ದರೆ 400 ಸಾಧ್ಯತೆಗಳನ್ನು ಎನ್‌ಕ್ರಿಪ್ಟ್ ಮಾಡಿ ತಾಳೆ ನೋಡುವ ಅದೇ ದಾಳಿ ಇಲ್ಲೂ ನಡೆಯುತ್ತಿತ್ತು. ಎರಡನೆಯದು ಸ್ವಲ್ಪ ಭಯ ಹುಟ್ಟಿಸುವಂಥದ್ದು. ಯಾರೋ ಒಬ್ಬರು 34 ಅನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸಿದರು ಅನ್ನಿ. 4 + 34 = 38, 35ರ ಶೇಷದಲ್ಲಿ ಅದು 3. ಅಂದರೆ 34 ಇಲ್ಲಿ ಮೈನಸ್ 1 ಇದ್ದ ಹಾಗೆ. ಇದು ವೋಟಿನ ಎಣಿಕೆ ಆಗಿದ್ದರೆ ಆ ಮನುಷ್ಯ ತನ್ನ ವೋಟು ಹಾಕುವ ಬದಲು ಇನ್ನೊಬ್ಬರದ್ದನ್ನು ಅಳಿಸಿದ, ಮುಚ್ಚಿದ ಸಂಖ್ಯೆ ನೋಡಿ ಯಾರಿಗೂ ಪತ್ತೆಯಾಗದು. ಅದಕ್ಕೇ ಎನ್‌ಕ್ರಿಪ್ಟ್ ಆದ ಸಂಖ್ಯೆಯ ಜೊತೆ "ಒಳಗಿರುವುದು ಇಷ್ಟರಿಂದ ಇಷ್ಟರೊಳಗೆ ಇದೆ" ಅನ್ನುವ ಝೀರೋ ನಾಲೆಡ್ಜ್ ಪ್ರೂಫ್ ಕೂಡ ಇರಲೇಬೇಕು. ಹೋಮೋಮಾರ್ಫಿಕ್ ಒಂದೇ ಸಾಕು ಅನ್ನುವ ಯಾರ ಮಾತನ್ನೂ ನಂಬಬೇಡಿ, ಈ ಎರಡೂ ಜೋಡಿಯಾಗಿಯೇ ಬರಬೇಕು.

ನಿಜ ಬಳಕೆಯಲ್ಲಿ 35ರ ಜಾಗದಲ್ಲಿ ಕನಿಷ್ಠ 2048 ಬಿಟ್ಟಿನ ಸಂಖ್ಯೆ ಇರುತ್ತದೆ, 3072 ಇದ್ದರೆ ಇನ್ನೂ ಒಳ್ಳೆಯದು. ಪೈಥಾನ್‌ನಲ್ಲಿ ಪಿಎಚ್‌ಇ ಅನ್ನುವ ಲೈಬ್ರರಿ ಹಾಕಿಕೊಂಡರೆ ನಾಲ್ಕೈದು ಸಾಲಿನಲ್ಲಿ ಇದೆಲ್ಲ ಆಗುತ್ತದೆ. ಚೈನ್ ಮೇಲೆ ಹಾಕುವಾಗ ಖರ್ಚು ಮಾತ್ರ ಲೆಕ್ಕ ಹಾಕಿ. 2048 ಬಿಟ್ ಕೀಗೆ ಎನ್‌ಕ್ರಿಪ್ಟ್ ಆದ ಒಂದು ಸಂಖ್ಯೆ 512 ಬೈಟ್. ಎಥೀರಿಯಂನ ಒಂದು ಸ್ಟೋರೇಜ್ ಸ್ಲಾಟ್ 32 ಬೈಟ್, ಹಾಗಾಗಿ 16 ಸ್ಲಾಟ್ ಬೇಕು. ಹೊಸ ಸ್ಲಾಟ್ ಒಂದಕ್ಕೆ 20,000 ಗ್ಯಾಸ್ ಅಂದರೂ ಒಂದೇ ಸಂಖ್ಯೆ ಬರೆದಿಡಲು 3,20,000.

ಕೂಡಿಸುವುದು ಸಾಕಾ, ಹೋಲಿಸಬೇಕಾ

ಪೈಯೆ ವಿಧಾನ ಕೂಡಿಸುತ್ತದೆ, ಗೊತ್ತಿರುವ ಸಂಖ್ಯೆಯಿಂದ ಗುಣಿಸುತ್ತದೆ, ಅಷ್ಟೇ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಚುನಾವಣೆಯ ಒಟ್ಟು ಮತ, ಸರ್ವೆಯ ಸರಾಸರಿ ಸಂಬಳ, ಇಂಥದ್ದಕ್ಕೆ ಧಾರಾಳ ಸಾಕು. ಸೊಲಾನಾ ಅನ್ನುವ ಚೈನ್‌ನಲ್ಲಿ ಟೋಕನ್ ಮೊತ್ತ ಮುಚ್ಚಿಡಲು ಕಟ್ಟಿದ ವ್ಯವಸ್ಥೆಯೂ ಇದೇ ಜಾತಿಯದು, ಅಲ್ಲಿ ಎಲ್‌ಗಮಾಲ್ ವಿಧಾನದ ಒಂದು ರೂಪ, ಜೊತೆಗೆ ಝೀರೋ ನಾಲೆಡ್ಜ್ ಪ್ರೂಫ್ ಇದೆ. ನಿಮಗೆ ಕೂಡಿಸುವುದು ಮಾತ್ರ ಬೇಕಿದ್ದರೆ ಇಲ್ಲೇ ನಿಲ್ಲಿ. ಮುಂದಿನದು ದುಬಾರಿ.

ಹರಾಜಿಗೆ ಯಾವುದು ದೊಡ್ಡದು ಅಂತ ಹೋಲಿಸಬೇಕು, ಅದಕ್ಕೆ ಪೂರ್ಣ ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್, ಅಂದರೆ ಎಫ್‌ಎಚ್‌ಇ ಬೇಕು. ಹೀಗೊಂದು ಸಾಧ್ಯವೇ ಅಂತ ರಿವೆಸ್ಟ್, ಏಡಲ್‌ಮನ್, ಡೆರ್ಟೂಝೋಸ್ 1978ರಲ್ಲೇ ಕೇಳಿದ್ದರು. ಉತ್ತರ ಬಂದದ್ದು 2009ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕ್ರೇಗ್ ಜೆಂಟ್ರಿಯಿಂದ. ಈ ವಿಧಾನಗಳಲ್ಲಿ ಸಂಖ್ಯೆಯ ಜೊತೆ ಬೇಕೆಂದೇ ಸ್ವಲ್ಪ ಗದ್ದಲ ಸೇರಿಸಿರುತ್ತಾರೆ, ಭದ್ರತೆ ಇರುವುದೇ ಅದರಲ್ಲಿ. ಒಂದೊಂದು ಲೆಕ್ಕಕ್ಕೂ ಗದ್ದಲ ಬೆಳೆಯುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸ್ ಎದುರಿನ ಅಂಗಡಿಯಲ್ಲಿ ಝೆರಾಕ್ಸ್‌ನ ಝೆರಾಕ್ಸ್‌ನ ಝೆರಾಕ್ಸ್ ತೆಗೆಸಿದ ಕ್ರಯಪತ್ರದ ಹಾಗೆ, ಒಂದು ಹಂತ ದಾಟಿದರೆ ಅಕ್ಷರವೇ ಕಾಣದು. ಜೆಂಟ್ರಿ ಕಂಡುಕೊಂಡದ್ದು ಆ ಗದ್ದಲವನ್ನು ನಡುವೆ ತಗ್ಗಿಸುವ ಬೂಟ್‌ಸ್ಟ್ರಾಪಿಂಗ್ ಅನ್ನುವ ಉಪಾಯ, ಅದೂ ಸಂಖ್ಯೆಯನ್ನು ಹೊರಗೆ ಬಿಡಿಸದೆಯೇ.

ಈಗ ಚಾಲ್ತಿಯಲ್ಲಿರುವ ವಿಧಾನಗಳಲ್ಲಿ ಬಿಜಿವಿ, ಬಿಎಫ್‌ವಿ ಪೂರ್ಣಾಂಕಗಳ ದೊಡ್ಡ ಗುಂಪುಗಳ ಮೇಲೆ ಒಟ್ಟಿಗೆ ಲೆಕ್ಕ ಮಾಡಲು ಚೆನ್ನ. ಸಿಕೆಕೆಎಸ್‌ನಲ್ಲಿ ಸಿಗುವುದು ಅಂದಾಜು ಉತ್ತರ, ಮೆಷಿನ್ ಲರ್ನಿಂಗ್‌ಗೆ ಸರಿ, ದುಡ್ಡಿನ ಲೆಕ್ಕಕ್ಕೆ ಬೇಡ. ಬಿಡಿಸಿದ ಅಂದಾಜು ಉತ್ತರವನ್ನು ಹಾಗೇ ಹೊರಗೆ ಕೊಟ್ಟರೆ ಕೀಯೇ ಸೋರಬಹುದು ಅಂತಲೂ ಲೀ ಮತ್ತು ಮಿಚಾಂಚೋ ಅನ್ನುವ ಸಂಶೋಧಕರು ತೋರಿಸಿದ್ದಾರೆ. ಟಿಎಫ್‌ಎಚ್‌ಇ ಹೋಲಿಕೆ, ಆಯ್ಕೆ ಇಂಥವುಗಳನ್ನು ಚುರುಕಾಗಿ ಮಾಡುತ್ತದೆ, ಸ್ಮಾರ್ಟ್ ಕಾಂಟ್ರಾಕ್ಟ್‌ಗಳಲ್ಲಿ, ಅಂದರೆ ಚೈನ್ ಮೇಲೆ ತಾನೇ ಓಡುವ ಪ್ರೋಗ್ರಾಂಗಳಲ್ಲಿ, ಹೆಚ್ಚಾಗಿ ಕಾಣುವುದು ಇದೇ. ಇವೆಲ್ಲ ಲ್ಯಾಟಿಸ್ ಗಣಿತದ ಮೇಲೆ ನಿಂತಿವೆ, ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗುವುದಿಲ್ಲ ಅಂತ ನಂಬಿಕೆ. ಪೈಯೆ ವಿಧಾನಕ್ಕೆ ಆ ಭರವಸೆ ಇಲ್ಲ. ಚೈನ್ ಮೇಲೆ ಹಾಕಿದ್ದು ಅಳಿಸಲಾಗದ್ದು ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಸಣ್ಣ ವ್ಯತ್ಯಾಸವಲ್ಲ, ಇವತ್ತು ಇಳಿಸಿಟ್ಟುಕೊಂಡವರು ಎಷ್ಟು ವರ್ಷ ಬೇಕಾದರೂ ಕಾಯಬಹುದು.

ಕೀ ಯಾರ ಹತ್ತಿರ

ಕೋಡ್ ಎಡಿಟರ್ ತೆಗೆಯುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಏನು ಮುಚ್ಚಬೇಕು, ಯಾರಿಂದ ಮುಚ್ಚಬೇಕು, ಬಿಡಿಸುವ ಅಧಿಕಾರ ಯಾರಿಗೆ.

ಎಲ್ಲರೂ ತಮ್ಮ ತಮ್ಮ ಕೀಯಿಂದ ಎನ್‌ಕ್ರಿಪ್ಟ್ ಮಾಡಿದರೆ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರದ್ದರ ಜೊತೆ ಹೋಲಿಸಲು ಆಗುವುದಿಲ್ಲ. ಎಲ್ಲರಿಗೂ ಒಂದೇ ಸಾರ್ವಜನಿಕ ಕೀ ಬೇಕು, ಹಾಗಾದರೆ ಅದರ ಜೋಡಿ ಗುಟ್ಟಿನ ಕೀ ಎಲ್ಲೋ ಇರಲೇಬೇಕು. ಫೋರ್‌ಮನ್ ಹತ್ತಿರ ಇಟ್ಟರೆ ಊರಿಗೆಲ್ಲ ಗುಟ್ಟು, ಫೋರ್‌ಮನ್‌ಗೆ ಮಾತ್ರ ತೆರೆದ ಪುಸ್ತಕ. ಇದನ್ನು ಕೆಲವರು ನಗುತ್ತಾ ತಳ್ಳಿಹಾಕುತ್ತಾರೆ, ನನಗೇನೋ ಕೆಲವು ಕಡೆ ಇದು ಪೂರ್ತಿ ಸರಿ ಅನ್ನಿಸುತ್ತದೆ. ಕಂಪನಿಯ ಸಂಬಳದ ಪಟ್ಟಿ ಎಚ್‌ಆರ್‌ಗೆ ಹೇಗೂ ಗೊತ್ತಿರುತ್ತದೆ, ಅಲ್ವಾ? ಅಲ್ಲಿ ಮುಚ್ಚಬೇಕಿರುವುದು ಬೇರೆಯವರಿಂದ. ಆದರೆ ಚೀಟಿಯಲ್ಲಿ ಫೋರ್‌ಮನ್ ತನ್ನ ಕಡೆಯವರಿಗೆ ಒಂದು ಮಾತು ಪಿಸುಗುಟ್ಟಿದರೆ ಇಡೀ ಹರಾಜೇ ನಾಟಕ.

ಅದಕ್ಕೆ ಇಲ್ಲಿ ಬೇಕಾದದ್ದು ಕೀಯನ್ನು ತುಂಡು ಮಾಡಿ ಹಂಚುವುದು. ಹಲವು ನೋಡ್‌ಗಳಲ್ಲಿ (ನೆಟ್‌ವರ್ಕ್‌ನ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ) ಒಂದೊಂದು ತುಂಡು, ನಿಗದಿಯಾದಷ್ಟು ನೋಡ್‌ಗಳು ಸೇರಿದರೆ ಮಾತ್ರ ಬಿಡಿಸಲು ಸಾಧ್ಯ, ಪೂರ್ತಿ ಕೀ ಒಂದೇ ಕಡೆ ಯಾವತ್ತೂ ಜೋಡಣೆಯಾಗುವುದಿಲ್ಲ. ಇದನ್ನು ಮಾಡುವುದು ಎಂಪಿಸಿ, ಅಂದರೆ ಬಹುಪಕ್ಷೀಯ ಲೆಕ್ಕಾಚಾರದ ವಿಧಾನಗಳು. ಈ ವಿಷಯದಲ್ಲಿ ನಮ್ಮ ಊರಿನಲ್ಲೇ ಒಳ್ಳೆಯ ಕೆಲಸ ನಡೆಯುತ್ತಿದೆ: ಐಐಎಸ್‌ಸಿಯಲ್ಲಿ ಅರ್ಪಿತಾ ಪಾತ್ರ ಅವರ ಸಂಶೋಧನೆ ಇದರದ್ದೇ, ಐಐಐಟಿ ಬೆಂಗಳೂರಿನ ಆಶಿಶ್ ಚೌಧರಿ ಅವರ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮೂಲದಿಂದ ಕಲಿಯಬೇಕು ಅನ್ನುವವರು ಅಲ್ಲಿಂದ ಶುರು ಮಾಡಿ.

ತುಂಡು ಮಾಡಿದ ಕೂಡಲೇ ನಿಶ್ಚಿಂತೆ ಅಂತಲ್ಲ. ಸಾಕಷ್ಟು ನೋಡ್‌ಗಳವರು ಒಳಗೊಳಗೇ ಕೈಜೋಡಿಸಿದರೆ ಹಿಂದಿನ ಎಲ್ಲವನ್ನೂ ಬಿಡಿಸಿ ನೋಡಬಹುದು, ಮತ್ತು ಹಾಗೆ ಮಾಡಿದ್ದಕ್ಕೆ ಚೈನ್ ಮೇಲೆ ಯಾವ ಗುರುತೂ ಉಳಿಯುವುದಿಲ್ಲ. ಕಳ್ಳತನ ಆದರೆ ದುಡ್ಡು ಹೋದದ್ದು ಕಾಣುತ್ತದೆ, ಗುಟ್ಟು ಹೋದದ್ದು ಕಾಣುವುದಿಲ್ಲ. ಆದ್ದರಿಂದ ಯಾವ ನೆಟ್‌ವರ್ಕ್ ಆರಿಸಿದರೂ ಕೇಳಿ: ಎಷ್ಟು ನೋಡ್, ಯಾರ ಯಾರದ್ದು, ಎಷ್ಟು ಸೇರಿದರೆ ಬಿಡಿಸಬಹುದು, ಎಲ್ಲವೂ ಒಂದೇ ಕಂಪನಿಯ ಕ್ಲೌಡ್ ಅಕೌಂಟ್‌ನಲ್ಲಿ ಕೂತಿವೆಯಾ. ಉತ್ತರ ತಡವರಿಸಿದರೆ ಅದು ಫೋರ್‌ಮನ್ ಹತ್ತಿರ ಕೀ ಇಟ್ಟದ್ದಕ್ಕೆ ಸಮ ಅಂತಲೇ ಲೆಕ್ಕ ಹಿಡಿಯಿರಿ.

ಕಾಂಟ್ರಾಕ್ಟ್ ಬರೆಯುವುದು

ಕಲಿಯಲು ಸುಲಭವಾಗಿ ಸಿಗುವುದು ಝಾಮಾ ಅನ್ನುವ ಪ್ಯಾರಿಸ್ ಕಂಪನಿಯ ಎಫ್‌ಎಚ್‌ಇವಿಎಂ, ಅಂದರೆ ಕಾಂಟ್ರಾಕ್ಟ್‌ನಲ್ಲಿ ಎಫ್‌ಎಚ್‌ಇ ಬಳಸುವ ಸಲಕರಣೆ. ಪೈಯೆ ಅವರೂ ಅದರ ಸ್ಥಾಪಕರಲ್ಲಿ ಒಬ್ಬರು. ಫೀನಿಕ್ಸ್, ಇಂಕೋ ಅನ್ನುವ ಬೇರೆ ಪ್ರಯತ್ನಗಳೂ ಇವೆ. ಕಾಂಟ್ರಾಕ್ಟ್ ಬರೆಯುವ ಭಾಷೆ ಸಾಲಿಡಿಟಿ ಗೊತ್ತಿದ್ದರೆ ಸಾಕು. ಕಾಂಟ್ರಾಕ್ಟ್ ಪರೀಕ್ಷಿಸುವ ಸಲಕರಣೆ ಹಾರ್ಡ್‌ಹ್ಯಾಟ್‌ನ ಸಿದ್ಧ ಮಾದರಿ ಇಳಿಸಿಕೊಳ್ಳಿ, ಸೆಪೋಲಿಯಾ ಟೆಸ್ಟ್‌ನೆಟ್‌ಗೆ ಫಾಸೆಟ್ ಅನ್ನುವ ವೆಬ್‌ಸೈಟ್‌ನಿಂದ ಉಚಿತ ಈಥರ್ (ಎಥೀರಿಯಂನ ನಾಣ್ಯ) ತಗೊಳ್ಳಿ. ಹಳೆಯ ಪಾಠಗಳಲ್ಲಿ ಲೈಬ್ರರಿಯ ಹೆಸರು ಟಿಎಫ್‌ಎಚ್‌ಇ ಅಂತ ಕಾಣುತ್ತದೆ, ಈಗ ಅದು ಎಫ್‌ಎಚ್‌ಇ. ಹಾಗೇ ಕಾಪಿ ಮಾಡಿದರೆ ಕಂಪೈಲ್ ಆಗುವುದಿಲ್ಲ. ಅದರ ಲೈಸೆನ್ಸ್ ಕೂಡ ಓದಿ: ಕಲಿಕೆಗೆ, ಸಂಶೋಧನೆಗೆ ಉಚಿತ, ವ್ಯಾಪಾರಕ್ಕೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು.

ಮೊದಲ ನಿರ್ಧಾರ ಸಂಖ್ಯೆಯ ಅಳತೆ. ಎನ್‌ಕ್ರಿಪ್ಟ್ ಆದ ಸಂಖ್ಯೆಗೆ 8, 16, 32, 64 ಹೀಗೆ ಬಿಟ್‌ಗಳ ಅಳತೆಗಳಿವೆ, ದೊಡ್ಡದಾದಷ್ಟೂ ಲೆಕ್ಕ ನಿಧಾನ, ಖರ್ಚು ಜಾಸ್ತಿ. 1 ಲಕ್ಷ ರೂಪಾಯಿ 16 ಬಿಟ್‌ನಲ್ಲಿ ಹಿಡಿಯುವುದಿಲ್ಲ, ಅದರ ಮಿತಿ 65,535. ಆದರೆ ನಮ್ಮಲ್ಲಿ ಯಾರೂ 25,037 ಅಂತ ಕೂಗುವುದಿಲ್ಲ. ನೂರು ರೂಪಾಯಿ ಒಂದು ಘಟಕ ಅಂದುಕೊಂಡರೆ 1 ಲಕ್ಷ ಬರೀ 1000, ಆರಾಮಾಗಿ 16 ಬಿಟ್‌ನಲ್ಲಿ ಕೂರುತ್ತದೆ. ಸದಸ್ಯರಿಗೆ ಹೆಸರಿನ ಬದಲು 1ರಿಂದ 20ರವರೆಗೆ ಕ್ರಮಸಂಖ್ಯೆ ಕೊಡಿ, ಅದಕ್ಕೆ 8 ಬಿಟ್ ಸಾಕು.

ಕಾಂಟ್ರಾಕ್ಟ್‌ನಲ್ಲಿ ಮುಚ್ಚಿದ ಎರಡೇ ಸಂಖ್ಯೆ ಇಟ್ಟುಕೊಳ್ಳಿ: ಈವರೆಗಿನ ದೊಡ್ಡ ಮೊತ್ತ, ಅದನ್ನು ಕೂಗಿದವರ ಕ್ರಮಸಂಖ್ಯೆ. ಎರಡೂ ಸೊನ್ನೆಯಿಂದ ಶುರು. ಸದಸ್ಯರು ತಮ್ಮ ಮೊತ್ತವನ್ನು ಬ್ರೌಸರ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿ ಪ್ರೂಫ್ ಜೊತೆ ಕಳಿಸುತ್ತಾರೆ. ಈ ಪ್ರೂಫ್ ಕಳಿಸಿದವರ ವಿಳಾಸಕ್ಕೂ ಆ ಕಾಂಟ್ರಾಕ್ಟ್‌ಗೂ ಅಂಟಿಕೊಂಡಿರುತ್ತದೆ. ಯಾಕೆ ಬೇಕು ಅಂದರೆ, ಇಲ್ಲದಿದ್ದರೆ ನಿಮ್ಮ ಮುಚ್ಚಿದ ಮೊತ್ತವನ್ನು ನಾನು ಹಾಗೇ ಕಾಪಿ ಹೊಡೆದು ನನ್ನ ಹೆಸರಲ್ಲಿ ಹಾಕಬಹುದು, ಒಳಗೆ ಎಷ್ಟಿದೆ ಅಂತ ಗೊತ್ತಿಲ್ಲದೆಯೂ ನಿಮಗೆ ಸಮನಾಗಿ ನಿಲ್ಲಬಹುದು.

ಕಾಂಟ್ರಾಕ್ಟ್ ಕೈಗೆ ನಿಜವಾಗಿ ಬರುವುದು 32 ಬೈಟಿನ ಒಂದು ಹ್ಯಾಂಡಲ್, ಅಂದರೆ ಮುಚ್ಚಿದ ಸಂಖ್ಯೆಯ ಗುರುತು ಮಾತ್ರ. ಮುಚ್ಚಿದ ಸಂಖ್ಯೆ ದೊಡ್ಡದು, ಅದು ಚೈನ್‌ನ ಹೊರಗೆ ಕೋಪ್ರೊಸೆಸರ್ ಅನ್ನುವ ಬೇರೆ ಕಂಪ್ಯೂಟರ್‌ನಲ್ಲಿ ಇರುತ್ತದೆ, ಲೆಕ್ಕವೂ ಅಲ್ಲೇ. ಕಳಿಸಿದವರು ಸದಸ್ಯರಾ, ಈಗಾಗಲೇ ಚೀಟಿ ಎತ್ತಿದ್ದಾರಾ, ಈ ತಿಂಗಳು ಒಮ್ಮೆ ಕೂಗಿದ್ದಾರಾ, ಸಮಯ ಮುಗಿದಿದೆಯಾ, ಇವೆಲ್ಲ ತೆರೆದ ಮಾಹಿತಿ, ಮಾಮೂಲಿ ರಿಕ್ವೈರ್ (ಷರತ್ತು ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುವ ಸಾಲು) ಹಾಕಿ ತಡೆಯಿರಿ. ಮುಚ್ಚಿದ ಸಂಖ್ಯೆಯ ಮೇಲೆ ಮಾತ್ರ ಹಾಗೆ ಮಾಡಲು ಬರುವುದಿಲ್ಲ. ಹೊಸಬರು ತಡವರಿಸುವುದು ಇಲ್ಲೇ. ಹೊಸ ಮೊತ್ತ ಹಳೆಯದಕ್ಕಿಂತ ದೊಡ್ಡದಾ ಅಂತ ಹೋಲಿಸಿದರೆ ಸಿಗುವ ಉತ್ತರವೂ ಮುಚ್ಚಿದ್ದೇ, ಹೌದಾ ಇಲ್ಲವಾ ಕಾಂಟ್ರಾಕ್ಟ್‌ಗೂ ಗೊತ್ತಿಲ್ಲ, ಮತ್ತೆ ಇಫ್ ಹೇಗೆ ಬರೆಯುತ್ತೀರಿ? ಅದಕ್ಕೆ ಸೆಲೆಕ್ಟ್ ಅನ್ನುವ ಫಂಕ್ಷನ್ ಇದೆ. ಮುಚ್ಚಿದ ಉತ್ತರ ಹೌದು ಆಗಿದ್ದರೆ ಹೊಸದು, ಇಲ್ಲ ಆಗಿದ್ದರೆ ಹಳೆಯದು, ಅಂತ ಅದೇ ಆರಿಸಿ ಫಲಿತಾಂಶವನ್ನೂ ಮುಚ್ಚಿಯೇ ಕೊಡುತ್ತದೆ. ಮೊತ್ತಕ್ಕೆ ಒಂದು ಸೆಲೆಕ್ಟ್, ಕ್ರಮಸಂಖ್ಯೆಗೆ ಇನ್ನೊಂದು. ಗೆದ್ದರೂ ಸೋತರೂ ಎರಡಕ್ಕೂ ಹೊಸ ಹ್ಯಾಂಡಲ್ ಬರುವುದರಿಂದ ಹೊರಗಿನಿಂದ ನೋಡಿದವರಿಗೆ ಏನು ಬದಲಾಯಿತು ಅಂತ ಗೊತ್ತಾಗದು.

ಗರಿಷ್ಠ ಮಿತಿ ಇದ್ದರೆ ಅದನ್ನೂ ಹೀಗೇ ಮಾಡಬೇಕು. ಮಿತಿ ದಾಟಿದವರನ್ನು ವಾಪಸ್ ಕಳಿಸಲು ಆಗುವುದಿಲ್ಲ, ಕಳಿಸಿದರೆ ಅದೇ ಒಂದು ಸೋರಿಕೆ. ಹೊಸ ಮೊತ್ತ ಮತ್ತು ಮಿತಿ, ಎರಡರಲ್ಲಿ ಚಿಕ್ಕದನ್ನು ತಗೊಂಡು ಮುಂದೆ ಹೋಗಿ. ಕೂಡಿಸುವಾಗಲೂ ಎಚ್ಚರ: ಮಿತಿ ಮೀರಿದರೆ ಸಾಲಿಡಿಟಿಯ ಹಾಗೆ ಎರರ್ ಬರುವುದಿಲ್ಲ, ಮೀಟರ್ ಸುತ್ತಿ ಸೊನ್ನೆಗೆ ಬಂದಂತೆ ಸುಮ್ಮನೆ ಸುತ್ತಿಕೊಳ್ಳುತ್ತದೆ. ಮುಚ್ಚಿದ ಸಂಖ್ಯೆಯನ್ನು ಮುಚ್ಚಿದ ಸಂಖ್ಯೆಯಿಂದ ಭಾಗಿಸುವುದೂ ಇಲ್ಲ, ಭಾಗಿಸುವ ಸಂಖ್ಯೆ ತೆರೆದದ್ದಾಗಿರಬೇಕು. ನಮಗೆ ಅದರ ಗೊಡವೆ ಬೇಡ, ತಲಾ ಎಷ್ಟು ಅನ್ನುವ ಹಂಚಿಕೆಯನ್ನು ಗೆದ್ದ ಮೊತ್ತ ಬಯಲಾದ ಮೇಲೆ ಮಾಮೂಲಿ ಲೆಕ್ಕದಲ್ಲಿ ಮಾಡಿ.

ಸಮಬಲ ಬಂದರೆ? ದೊಡ್ಡದಾ ಅಂತ ಕೇಳಿದರೆ ಮೊದಲು ಕೂಗಿದವರು ಗೆಲ್ಲುತ್ತಾರೆ. ನಿಜವಾದ ಚೀಟಿಯಲ್ಲಿ ಹಾಗೆ ಆದಾಗ ಲಾಟ್ ಎತ್ತುತ್ತಾರೆ. ಮುಚ್ಚಿದ ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಸೌಲಭ್ಯ ಲೈಬ್ರರಿಯಲ್ಲಿದೆ, ಅದರಿಂದ ಲಾಟ್ ಎತ್ತಬಹುದು. ಮೊದಲ ಆವೃತ್ತಿಯಲ್ಲಿ ಅದು ಬೇಡ.

ಹೊಸ ಹ್ಯಾಂಡಲ್ ಬಂದಾಗಲೆಲ್ಲ ಅದನ್ನು ಯಾರು ಬಳಸಬಹುದು ಅಂತ ಅನುಮತಿ ಬರೆಯಬೇಕು. ಅಲೋ ದಿಸ್ ಅಂತ ಕಾಂಟ್ರಾಕ್ಟ್‌ಗೇ ಅನುಮತಿ ಕೊಡುವುದನ್ನು ಮರೆತರೆ ಮುಂದಿನ ಟ್ರಾನ್ಸಾಕ್ಷನ್‌ನಲ್ಲಿ ತನ್ನ ಸಂಖ್ಯೆಯನ್ನೇ ಅದು ಮುಟ್ಟಲಾರದೆ ನಿಂತುಬಿಡುತ್ತದೆ. ಕೂಗಿದವರಿಗೆ ತಮ್ಮ ಮೊತ್ತ ನೋಡಲು ಅನುಮತಿ ಕೊಡಿ. ಈವರೆಗಿನ ದೊಡ್ಡ ಮೊತ್ತಕ್ಕೆ ಯಾರಿಗೂ ಕೊಡಬೇಡಿ, ಫೋರ್‌ಮನ್‌ಗೂ. ಅನುಮತಿ ಕೊಟ್ಟಿದ್ದನ್ನು ವಾಪಸ್ ಪಡೆಯುವ ಆಸೆ ಇಟ್ಟುಕೊಳ್ಳಬೇಡಿ, ನೋಡಿದವರು ನೋಡಿಯಾಯಿತು.

ಸಮಯ ಮುಗಿದ ಮೇಲೆ ಆ ಎರಡೇ ಸಂಖ್ಯೆಗಳನ್ನು ಎಲ್ಲರಿಗೂ ಬಿಡಿಸಲು ಬಿಡಿ. ಬಿಡಿಸಿದ ಉತ್ತರದ ಜೊತೆ ಕೀ ತುಂಡು ಇಟ್ಟುಕೊಂಡ ನೋಡ್‌ಗಳ ಸಹಿ ಬರುತ್ತದೆ. ಕಾಂಟ್ರಾಕ್ಟ್ ಆ ಸಹಿ ಪರೀಕ್ಷಿಸಿದ ಮೇಲೆಯೇ ಗೆದ್ದವರನ್ನು ದಾಖಲಿಸಬೇಕು, ಇಲ್ಲದಿದ್ದರೆ ಯಾರೋ ಬಂದು ತಮ್ಮ ಕ್ರಮಸಂಖ್ಯೆ ಕೊಟ್ಟು ಹೋಗುತ್ತಾರೆ. ಸೋತ 19 ಮೊತ್ತಗಳನ್ನು ಯಾರೂ ಮುಟ್ಟಬಾರದು.

ಸಂಖ್ಯೆ ಮುಚ್ಚಿದರೂ ಸೋರುವ ಜಾಗಗಳು

ಇಷ್ಟೆಲ್ಲ ಮಾಡಿದರೂ ಮುಚ್ಚಿರುವುದು ಮೊತ್ತ ಮಾತ್ರ. ಯಾವ ವಿಳಾಸ ಯಾವಾಗ ಕೂಗಿತು ಅನ್ನುವುದು ತೆರೆದೇ ಇದೆ. ಭಾರತದಲ್ಲಿ ಕ್ರಿಪ್ಟೋ ನಾಣ್ಯ ಮಾರುವ ಎಕ್ಸ್‌ಚೇಂಜ್‌ಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿ ಬಂದಿವೆ, ಕೆವೈಸಿ ಇಲ್ಲದೆ ಖರೀದಿ ಇಲ್ಲ. ಅಲ್ಲಿಂದ ನೇರ ವಾಲೆಟ್‌ಗೆ ತರಿಸಿಕೊಂಡರೆ ವಿಳಾಸದ ಹಿಂದಿನ ಹೆಸರು ಎಕ್ಸ್‌ಚೇಂಜ್‌ಗೆ ಗೊತ್ತು. ದುಡ್ಡಿನ ತುರ್ತು ಇರುವವರು ಮಾತ್ರ ಕೂಗುತ್ತಾರೆ ಅಂದರೆ ಕೂಗಿದ್ದೇ ಒಂದು ಸುಳಿವು. ಇದಕ್ಕೆ ಸುಲಭ ಮದ್ದು: ಚೀಟಿ ಎತ್ತದ ಎಲ್ಲರೂ ಪ್ರತಿ ತಿಂಗಳೂ ಕೂಗಲೇಬೇಕು, ಬೇಡದವರು ಸೊನ್ನೆ ಹಾಕಲಿ. ಮುಚ್ಚಿದ ಸೊನ್ನೆಯೂ ಮುಚ್ಚಿದ 300ರ ಹಾಗೇ ಕಾಣುತ್ತದೆ.

ಒಟ್ಟು ಮೊತ್ತ ತೋರಿಸುವ ಆಟಗಳಲ್ಲಿ ಇನ್ನೊಂದು ಹಳ್ಳ ಇದೆ. ಮತದಾನದ ನಡುವೆ ಈವರೆಗಿನ ಒಟ್ಟು ಅಂತ ಬಿಡಿಸಿ ತೋರಿಸಿ, ಇನ್ನೊಂದು ಮತ ಬಿದ್ದ ಮೇಲೆ ಮತ್ತೆ ತೋರಿಸಿದರೆ, ಎರಡನ್ನೂ ಕಳೆದವರಿಗೆ ಆ ಒಂದು ಮತ ಸಿಕ್ಕಿಬಿಡುತ್ತದೆ. ಎನ್‌ಕ್ರಿಪ್ಶನ್ ಒಡೆಯುವ ಅಗತ್ಯವೇ ಬೀಳಲಿಲ್ಲ. ಕೊನೆಗೆ ಒಮ್ಮೆ, ಅದೂ ಸಾಕಷ್ಟು ಜನ ಪಾಲ್ಗೊಂಡಿದ್ದರೆ ಮಾತ್ರ ಬಿಡಿಸಿ.

ಸದಸ್ಯರ ಹೆಸರು, ಆಧಾರ್, ಫೋನ್ ನಂಬರ್ ಇವನ್ನು ಮುಚ್ಚಿದ ರೂಪದಲ್ಲೂ ಚೈನ್ ಮೇಲೆ ಹಾಕಬೇಡಿ. 2023ರ ಡಿಪಿಡಿಪಿ (ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆ) ಕಾಯ್ದೆ ತನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ, ಚೈನ್‌ಗೆ ಅಳಿಸುವುದು ಗೊತ್ತಿಲ್ಲ. ಫೋನ್ ನಂಬರಿನ ಹ್ಯಾಶ್ ಹಾಕುತ್ತೇನೆ ಅನ್ನುವವರಿಗೆ, ಹತ್ತಂಕಿಯ ನಂಬರುಗಳು ಎಷ್ಟಿದ್ದರೂ ಸಾವಿರ ಕೋಟಿ ದಾಟುವುದಿಲ್ಲ, ಎಲ್ಲವನ್ನೂ ಹ್ಯಾಶ್ ಮಾಡಿ ತಾಳೆ ನೋಡುವುದು ಈಗಿನ ಗ್ರಾಫಿಕ್ಸ್ ಕಾರ್ಡ್‌ಗೆ ದೊಡ್ಡ ಕೆಲಸವಲ್ಲ.

ಪರೀಕ್ಷೆ

ಹಾರ್ಡ್‌ಹ್ಯಾಟ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್ ಮೇಲೆ ಓಡಿಸಿದಾಗ ಎಲ್ಲ ಪಟಪಟ ಆಗುತ್ತದೆ. ಹಿಗ್ಗಬೇಡಿ, ಅಲ್ಲಿ ಎನ್‌ಕ್ರಿಪ್ಶನ್ ಅಣಕು ಮಾತ್ರ, ನಿಜವಾದ ಲೆಕ್ಕ ನಡೆಯುವುದಿಲ್ಲ. ತರ್ಕ ಸರಿ ಇದೆಯಾ ಅಂತ ನೋಡಲು ಅದು ಸಾಕು: ಎಲ್ಲರೂ ಸೊನ್ನೆ ಹಾಕಿದರೆ, ಇಬ್ಬರು ಸಮ ಹಾಕಿದರೆ, ಮಿತಿ ದಾಟಿದರೆ, ಚೀಟಿ ಎತ್ತಿದವರು ಮತ್ತೆ ಬಂದರೆ ಏನಾಗುತ್ತದೆ ಅಂತ ಒಂದೊಂದನ್ನೂ ಬರೆಯಿರಿ. ಆಮೇಲೆ ಸೆಪೋಲಿಯಾಗೆ ಹಾಕಿ ಸಮಯ ಗಮನಿಸಿ. ಒಂದು ಟ್ರಾನ್ಸಾಕ್ಷನ್‌ನಲ್ಲಿ ಎಷ್ಟು ಹೋಮೋಮಾರ್ಫಿಕ್ ಲೆಕ್ಕ ಮಾಡಬಹುದು ಅನ್ನುವುದಕ್ಕೆ ಗ್ಯಾಸ್ ಬಿಟ್ಟು ಬೇರೆಯೇ ಮಿತಿ ಇದೆ. 20 ಮೊತ್ತವನ್ನೂ ಕೊನೆಗೆ ಒಂದೇ ಲೂಪ್‌ನಲ್ಲಿ ಹೋಲಿಸುವ ಬದಲು ಬಂದ ಹಾಗೆ ಒಂದೊಂದೇ ಹೋಲಿಸಿದ್ದು ಅದಕ್ಕೂ ಅನುಕೂಲ.

ವಾಲೆಟ್‌ನಲ್ಲಿ ಯಶಸ್ವಿ ಅಂತ ಹಸಿರು ಗುರುತು ಬಂದರೂ ಒಳಗೆ ಮಿತಿಗೆ ಕತ್ತರಿಸಿರಬಹುದು. ಗುಟ್ಟಿನ ಟೋಕನ್ ವರ್ಗಾವಣೆಯಲ್ಲೂ ಇದೇ ಕಥೆ, ಬ್ಯಾಲೆನ್ಸ್ ಸಾಲದಿದ್ದರೆ ಫೇಲ್ ಆಗುವ ಬದಲು ಸೊನ್ನೆ ವರ್ಗಾವಣೆಯಾಗುತ್ತದೆ. ಹಾಗಾಗಿ ಕಳಿಸಿದ ಕೂಡಲೇ ಅವರ ಮೊತ್ತವನ್ನು ಅವರಿಗೇ ಬಿಡಿಸಿ ತೋರಿಸುವ ಪರದೆ ಮಾಡಿ.

ಕೊನೆಗೆ ಕೋಡ್ ನೋಡಿಲ್ಲದ ಗೆಳೆಯರೊಬ್ಬರಿಗೆ ಕಾಂಟ್ರಾಕ್ಟ್‌ನ ಎಕ್ಸ್‌ಪ್ಲೋರರ್ ಲಿಂಕ್ ಕೊಡಿ, ಜೊತೆಗೆ ಆ 20 ಜನ ಯಾರು ಅಂತಲೂ ಹೇಳಿ. ಯಾರು ಎಷ್ಟು ಕೂಗಿರಬಹುದು ಅಂತ ಊಹಿಸಲು ಒಂದು ಸಂಜೆ ಕೊಡಿ. ಅವರು ಸರಿಯಾಗಿ ಹೇಳಿದ ಪ್ರತಿಯೊಂದಕ್ಕೂ ಹೇಗೆ ಗೊತ್ತಾಯಿತು ಅಂತ ಕೇಳಿ ಬರೆದುಕೊಳ್ಳಿ. ಕೂಗಿದ ಸಮಯ ನೋಡಿಯೋ, ವಾಲೆಟ್‌ಗೆ ಈಥರ್ ಎಲ್ಲಿಂದ ಬಂತು ಅನ್ನುವುದು ನೋಡಿಯೋ ಹಿಡಿದಿದ್ದರೆ ಎನ್‌ಕ್ರಿಪ್ಶನ್ ಮುಟ್ಟಬೇಡಿ. ಕೂಗಲು ಎಲ್ಲರಿಗೂ ಒಂದೇ ಸಮಯ ಕೊಡುವುದು, ಗ್ಯಾಸ್ ಖರ್ಚನ್ನು ಒಂದೇ ಕಡೆಯಿಂದ ಕಟ್ಟುವುದು, ಇಂಥ ತಿದ್ದುಪಡಿ ಮಾಡಿ, ಮತ್ತೆ ಅದೇ ಗೆಳೆಯರಿಗೆ ಲಿಂಕ್ ಕಳಿಸಿ.